ಧೋಂಡು ಕಾಕಾ ಹೇಳಿದ್ದು, ನಾನು ಬರೆದದ್ದು

ಧೋಂಡು ಕಾಕಾ ಹೇಳಿದ ಒಂದು ವಾಕ್ಯವನ್ನು ನಾನು ಬರೆಯಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಮರೆತೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಆದರೆ ಬರೆದದ್ದನ್ನು ಅವರಿಗೆ ಓದಿ ಹೇಳುವಾಗ ಆ ವಾಕ್ಯವನ್ನೂ ಓದಿದೆ — ಹಾಳೆಯಲ್ಲಿ ಇಲ್ಲದ್ದನ್ನು, ಇದೆ ಎಂಬಂತೆ, ಎಲ್ಲೂ ತಡವರಿಸದೆ. ಅವರು ನಂಬಿ ಸಹಿ ಮಾಡಿದರು. ಆ ಸಹಿಯಿಂದ ಅವರ ಕೆಲಸ ಹೋಯಿತು. ಇದಾಗಿ ನಾಲ್ಕು ವರ್ಷ.

ನಾನು ನವಲಗುಂದ ತಾಲೂಕಿನ ಮೊರಬದವಳು. ಹುಟ್ಟಿದ್ದೂ ಅಲ್ಲೇ, ಮದುವೆ ಮಾಡಿ ಕೊಟ್ಟದ್ದೂ ಅಲ್ಲೇ. ಎರಡು ಓಣಿ ದಾಟಿದರೆ ತವರುಮನೆ. ಧಾರವಾಡದಲ್ಲಿ ಎಂ.ಎ. ಓದಿ ಈಗ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಊರಲ್ಲಿ ಯಾರಿಗೆ ಅರ್ಜಿ ಬೇಕಾದರೂ — ಪಿಂಚಣಿಗೆ, ರೇಷನ್ ಕಾರ್ಡಿಗೆ, ಬೆಳೆ ವಿಮೆಗೆ — ನನ್ನ ಹತ್ತಿರ ಬರುತ್ತಾರೆ. ಬರೆದವರು ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕು, ಆಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು — ಇದು ನಮ್ಮ ಕಡೆಯ ರೂಢಿ. ಓದು ಬಾರದವರಿಗೆ ಇರುವ ಕಾವಲು ಇದೊಂದೇ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೊತ್ತಿದ್ದೇ ಮಾಡಿದೆ.

ಆ ವರ್ಷ ಹಿಂಗಾರಿ ಕಡಲೆ ಬಿತ್ತನೆ ಮುಗಿದ ಮೇಲೆ ನಾನೂ ನನ್ನ ನಾದಿನಿ ಸುಜಾತಾಳೂ ಕಾಡಿಗೆ ಹೋಗಿದ್ದೆವು. ಘಟ್ಟದ ಮೇಲಿನ ರಾಷ್ಟ್ರೀಯ ಉದ್ಯಾನ; ಅಲ್ಲಿ ಹಿಂದೆ ಉಪ್ಪಿನ ಮೂಟೆ ಹೊತ್ತ ಎತ್ತುಗಳು ಕರಾವಳಿಯಿಂದ ಹತ್ತಿ ಬರುತ್ತಿದ್ದ ಹಳೆಯ ಕಣಿವೆದಾರಿಗಳಿವೆ — ಎರಡು ಬೆಟ್ಟಗಳ ನಡುವಿನ ತಗ್ಗಿನಲ್ಲಿ ಘಟ್ಟ ದಾಟುವ ಹಾದಿಗಳು. ಒಂದೇ ದಿನದಲ್ಲಿ ಮೂರು ಕಣಿವೆ ದಾಟಿಸಿ ತೋರಿಸುತ್ತಾರೆ, ಜೊತೆಗೆ ಗೈಡ್ ಕಡ್ಡಾಯ. ಹೋಗೋಣ ಎಂದವಳು ನಾನು. ನಮ್ಮೂರಲ್ಲಿ ಎತ್ತರ ಎಂದರೆ ನೀರಿನ ಟಾಕಿ; ಉಳಿದದ್ದೆಲ್ಲ ಕಣ್ಣು ಸೋಲುವವರೆಗೆ ಮಟ್ಟಸವಾದ ಕರಿ ನೆಲ. ಬೆಟ್ಟವನ್ನು ನಾನು ಪಾಠದಲ್ಲಿ ವರ್ಣಿಸಿದ್ದೆನೇ ಹೊರತು ಹತ್ತಿರಲಿಲ್ಲ. ಸುಜಾತಾ ಆಗ ಪೊಲೀಸ್ ಪರೀಕ್ಷೆಯ ಲಿಖಿತ ಭಾಗ ಪಾಸಾಗಿದ್ದಳು. ಓಟದ ಪರೀಕ್ಷೆಗೆ ಒಂದು ತಿಂಗಳಿತ್ತು. ದಿನಾ ನಸುಕಿನಲ್ಲಿ ಕಾಲುವೆ ರಸ್ತೆಯ ಮೇಲೆ ಓಡುತ್ತಿದ್ದಳು. ನಮ್ಮತ್ತೆ ಬೇಡವೆಂದರು. "ಪರೀಕ್ಷಾ ಮುಗೀಲಿ, ಆಮ್ಯಾಲೆ ಹೋಗಾಕ ಬರಂಗಿಲ್ಲೇನು?" ನಾನೇ ಹಟ ಹಿಡಿದೆ. "ಗುಡ್ಡಾ ಹತ್ತಿದ್ರ ಕಾಲು ಗಟ್ಟಿ ಆಗ್ತಾವ ಅತ್ತಿ, ನಾ ಇರ್ತೀನಲ್ಲ" ಎಂದೆ.

ನಾ ಇರ್ತೀನಲ್ಲ — ಈ ಮಾತು ಆಮೇಲೆ ಎಷ್ಟು ಸಲ ನೆನಪಾಯಿತೋ.

ಗೈಡ್ ಆಗಿ ಸಿಕ್ಕವರು ಧೋಂಡು ಕಾಕಾ. ಅರವತ್ತರ ಹತ್ತಿರ, ಎಮ್ಮೆ ಸಾಕುವ ಗೌಳಿ ಮನೆತನದವರು; ಸ್ವಂತ ಊರು ಕಲಘಟಗಿ ಕಡೆ, ತಂಬೂರದ ಹತ್ತಿರ. ಹುಡುಗನಾಗಿದ್ದಾಗ ಈ ಕಾಡಿನಲ್ಲೇ ಎಮ್ಮೆ ಮೇಯಿಸಿದವರು, ಆಮೇಲೆ ಕೊರಳಿಗೆ ಅರಣ್ಯ ಇಲಾಖೆಯ ಗುರುತಿನ ಕಾರ್ಡು ಬಂದಿತ್ತು. ಆ ಕಾರ್ಡಿನ ಫೋಟೋದಲ್ಲಿ ಅವರು ಹೊಸ ಅಂಗಿ ಹಾಕಿದ್ದರು. ನಮ್ಮ ಗುಂಪಿನಲ್ಲಿ ಇನ್ನಿಬ್ಬರು — ಹುಬ್ಬಳ್ಳಿಯ ವಯಸ್ಸಾದ ಗಂಡ ಹೆಂಡತಿ.

ಮೊದಲ ಕಣಿವೆಗೆ ಹತ್ತುವಾಗ ಸುಜಾತಾ ಏದುಸಿರು ಬಿಡುತ್ತ ಕೇಳಿದಳು, "ಕಾಕಾ, ನಿಮ್ಮ ಕಡೆ ನೆಲಾ ಯಾಕ ಹಿಂಗ ಎದ್ದು ನಿಂತೈತಿ?"

"ನಮ್ಮ ನೆಲಾ ದುಡೀತೈತಿ ತಂಗಿ, ಅದಕ್ಕ ನಿಂತೈತಿ. ನಿಮ್ಮ ನವಲಗುಂದದ ನೆಲಾ ಉಂಡು ಮಕ್ಕೊಂಡೈತಿ."

"ಮಕ್ಕೊಂಡಿದ್ರೂ ನಿಮಗ ಕಡ್ಲಿ ಕೊಡೂದು ಅದ."

"ಹೌದ್ ನೋಡು, ಪೊಲೀಸ ಆಗಾಕ ಬರೋಬರಿ ಬಾಯಿ ಐತಿ ನಿಂದು" ಎಂದು ನಕ್ಕರು.

ಎರಡನೆಯ ಕಣಿವೆಯ ತಲೆಯ ಮೇಲೆ ನಿಂತೆವು. ಪಡುವಣ ಗಾಳಿ ಎರಡು ಬೆಟ್ಟಗಳ ನಡುವಿನಿಂದ ನುಗ್ಗಿ ಬಂದು ಸೆರಗನ್ನು ಕಿತ್ತುಕೊಳ್ಳುವಂತಿತ್ತು. ಕೆಳಗೆ ಕಾಡು, ಅದರ ಕೆಳಗೆ ಇನ್ನೊಂದು ಕಾಡು, ದೂರದಲ್ಲಿ ಮೂರನೆಯ ಕಣಿವೆಯ ಕಚ್ಚು — ಯಾರೋ ಬೆಟ್ಟದ ಅಂಚನ್ನು ಕಡಿದು ತಿಂದಂತೆ. ಅದನ್ನು ನೋಡದೆ ಹಿಂತಿರುಗಬಾರದು ಎಂದು ಆಗಲೇ ಅನಿಸಿತು. ಸಂಜೆ ನಾಲ್ಕರ ಒಳಗೆ ಗೇಟಿಗೆ ವಾಪಸಾಗಬೇಕೆಂಬ ನಿಯಮವಿತ್ತು. ಅಷ್ಟರಲ್ಲಿ ಹಿಂದೆ ಉಳಿದಿದ್ದ ಹುಬ್ಬಳ್ಳಿಯವರು ಕೂಗಿದರು — ಗಂಡನಿಗೆ ಮೊಣಕಾಲು ಹಿಡಿದುಕೊಂಡಿತ್ತು.

ಸುಜಾತಾ ಒಂದಿಷ್ಟು ದೂರದ ಬಂಡೆಯ ಮೇಲೆ ಫೋಟೋ ತೆಗೆಯುತ್ತಿದ್ದಳು. ಧೋಂಡು ಕಾಕಾ ನನ್ನ ಹತ್ತಿರ ಬಂದು ಹೇಳಿದರು. ಒಂದೊಂದು ಶಬ್ದವೂ ನೆನಪಿದೆ.

"ಅಕ್ಕಾರ, ನಾ ಅವರನ್ನ ಕರಕೊಂಡು ಬರ್ತೀನ್ರಿ. ಬಾಜೂಕ ಹಳ್ಳದಾಗ ನೀರೈತಿ, ಹಳ್ಳದ ಕಡೆ ಹೋಗ್ರಿ, ಕುಡೀರಿ. ಹಳ್ಳಾ ಹಿಡದು ಕೆಳಗ ಮಾತ್ರ ಇಳೀಬ್ಯಾಡ್ರಿ."

ಅರ್ಧ ಗಂಟೆ ಕಾದೆವು. ನೀರು ಕುಡಿದೆವು. ಹಳ್ಳ ನೋಡಿದರೆ ಚಪ್ಪಟೆ ಕಲ್ಲುಗಳ ಮೇಲೆ ಮೊಣಕಾಲಿಗಿಂತ ಕಡಿಮೆ ನೀರು, ಮೂರನೆಯ ಕಣಿವೆಯ ದಿಕ್ಕಿಗೇ ತಿರುಗಿ ಹೋಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು — ನೆಪವಾಗಿ ಅಲ್ಲ. ನಮ್ಮ ಎರೆ ಸೀಮೆಯಲ್ಲಿ ಹಳ್ಳವೇ ದಾರಿ. ಬೇಸಿಗೆಯಲ್ಲಿ ತುಪ್ಪರಿ ಹಳ್ಳದ ಪಾತ್ರದಲ್ಲೇ ಚಕ್ಕಡಿ, ಟ್ರ್ಯಾಕ್ಟರ್ ಓಡಾಡುತ್ತವೆ. "ಹೊಲದಾಗ ದಾರಿ ತಪ್ಪಿದ್ರ ಹಳ್ಳಾ ಹಿಡಿ, ಊರು ತಾನ ಬರ್ತೈತಿ" ಎಂದು ಅಪ್ಪ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದ. ಹಾಗೆ ಎರಡು ಸಲ ಮನೆ ಮುಟ್ಟಿದ್ದೂ ಇದೆ. ಮಟ್ಟಸ ನೆಲದಲ್ಲಿ ನೀರು ಮನುಷ್ಯರ ಕಡೆಗೇ ಹೋಗುತ್ತದೆ. ಬೆಟ್ಟದಲ್ಲಿ ನೀರಿಗೆ ಮನುಷ್ಯರ ಹಂಗಿಲ್ಲ, ಅದು ಎಲ್ಲಿಂದ ಬೇಕಾದರೂ ಧುಮುಕಬಲ್ಲದು — ಇದು ಓದಿದ ನನಗೆ ಹೊಳೆಯಲಿಲ್ಲ. ಹೊಳೆಯಬೇಕಾಗಿಯೂ ಇರಲಿಲ್ಲ, ಬಲ್ಲವರು ಬಾಯಿಬಿಟ್ಟು ಹೇಳಿಯೇ ಹೋಗಿದ್ದರು. ಈ ಕಾಡಿನವರು ಪೇಟೆಯವರನ್ನು ಹೆದರಿಸಲಿಕ್ಕೆ ಹೀಗೆ ಹೇಳುತ್ತಾರೆ ಎಂದುಕೊಂಡೆ. ನಾವು ಪೇಟೆಯವರಲ್ಲವಲ್ಲ, ಹಳ್ಳ ನೋಡಿದವರು.

ನಾನು ಇಳಿಯಲು ಎದ್ದದ್ದು ನೋಡಿ ಸುಜಾತಾ ಕೇಳಿದಳು, "ವೈನಿ, ಕಾಕಾ ಬರೂತನಕ ನಿಲ್ಲೂದು ಬ್ಯಾಡೇನು?"

"ಅವರ ಹೇಳ್ಯಾರ, ಹಳ್ಳಾ ಹಿಡದು ಇಳೀರಿ ಅಂತ" ಎಂದೆ.

ವಾದ ಬೆಳೆಯದಿರಲಿ ಎಂದು ಹೇಳಿದ ಸಣ್ಣ ಸುಳ್ಳು. ಹೇಳುವಾಗ ಅದಕ್ಕೆ ತೂಕವೇ ಇರಲಿಲ್ಲ.

ಸುಜಾತಾ ಚುರುಕಿನವಳು, ಮುಂದೆ ಹೋದಳು. ಸ್ವಲ್ಪ ದೂರ ಸಲೀಸು. ಆಮೇಲೆ ಕಲ್ಲುಗಳು ದೊಡ್ಡವಾದವು, ಕೈಯೂರಿ ಇಳಿಯಬೇಕಾಯಿತು. ಆಮೇಲೆ — ಇದನ್ನು ನಾನು ದಿನಾ ನೋಡುತ್ತೇನೆ, ಪಾಠ ಮಾಡುವಾಗ, ಬಸ್ಸಿನಲ್ಲಿ, ಹಿಟ್ಟು ನಾದುವಾಗ — ಮುಂದೆ ಮರಗಳ ತಲೆಗಳು ಮಾತ್ರ ಕಂಡವು. ಬುಡಗಳಿಲ್ಲ. ಅಷ್ಟು ಹೊತ್ತು ಕೇಳುತ್ತಿದ್ದ ನೀರಿನ ಸದ್ದು ನಮ್ಮ ಪಕ್ಕದಿಂದ ಇಳಿದು ಎಲ್ಲೋ ಕೆಳಗೆ ಹೋಗಿತ್ತು. ಏನೋ ಸರಿಯಿಲ್ಲ ಎಂದು ನನ್ನ ಮೈಗೆ ಗೊತ್ತಾಯಿತು. ನಿಲ್ಲು ಎನ್ನಲು ಬಾಯಿ ತೆರೆದೆ. ಒಂದು ಉಸಿರಿನಷ್ಟು ತಡ. ಅಥವಾ ತಪ್ಪು ಒಪ್ಪಿಕೊಳ್ಳಬೇಕಾದೀತೆಂದು ಒಂದು ಉಸಿರು ಹಿಂಜರಿದೆನೋ — ಇಷ್ಟು ವರ್ಷ ಕೇಳಿಕೊಂಡರೂ ಉತ್ತರ ಸಿಕ್ಕಿಲ್ಲ. ಅವಳ ಕಾಲು ಪಾಚಿಯ ಮೇಲೆ ಬಿತ್ತು. ಕೂತಳು, ಜಾರಿದಳು, ಕಾಣೆಯಾದಳು. ಕೂಗಲೂ ಇಲ್ಲ.

ಎರಡಾಳೆತ್ತರ ಕೆಳಗೆ ಒಂದು ಕಲ್ಲಿನ ಚಪ್ಪಡಿ ಚಾಚಿಕೊಂಡಿತ್ತು, ಒಂದು ಮಂಚದಷ್ಟು ಅಗಲ. ಅದರ ಮೇಲೆ ಬಿದ್ದಿದ್ದಳು. ಬಲಗಾಲು ತೊಡೆಯಿಂದಲೇ ತಪ್ಪು ದಿಕ್ಕಿಗೆ ತಿರುಗಿತ್ತು. ಚಪ್ಪಡಿಯ ಆಚೆ ಏನೂ ಇರಲಿಲ್ಲ — ಗಾಳಿ, ಮತ್ತು ಬಹಳ ಕೆಳಗೆ ಹಸಿರು. ನಾನು ಇಳಿಯಲಿಲ್ಲ. ಬೇರು ಹಿಡಿದು ಕೂತು ಚೀರಿದೆ, ಅಷ್ಟೇ.

ಧೋಂಡು ಕಾಕಾ ಹೇಗೆ ಬಂದರೋ ಗೊತ್ತಿಲ್ಲ. ಚಪ್ಪಲಿ ಕಳಚಿ ಬರಿಗಾಲಲ್ಲಿ ನನ್ನನ್ನು ದಾಟಿ ಇಳಿದರು. ಚಪ್ಪಡಿಯ ಮೇಲೆ ಕೂತು, ಪ್ರಪಾತಕ್ಕೆ ತಮ್ಮ ಬೆನ್ನು ಕೊಟ್ಟು, ಸುಜಾತಾಳನ್ನು ಬಂಡೆಯ ಕಡೆಗೆ ಒತ್ತಿ ಹಿಡಿದುಕೊಂಡರು. ಅವಳು ಅರೆಪ್ರಜ್ಞೆಯಲ್ಲಿ ಹೊರಳಲು ನೋಡುತ್ತಿದ್ದಳು. ಹೊರಳಿದ್ದರೆ ಇಬ್ಬರೂ ಹೋಗುತ್ತಿದ್ದರು. ಆ ಸ್ಥಿತಿಯಲ್ಲೇ ತಲೆ ಎತ್ತಿ ಎಮ್ಮೆ ಕರೆಯುವ ಕೂಗು ಹಾಕಿದರು, ಮೂರು ಸಲ. ಕೆಳಗಿನ ಕಾವಲು ಗೋಪುರದವರಿಗೆ ಅದು ಕೇಳಿಸಿತು. ಅವರು ಹಗ್ಗ ತಂದು ಮೇಲೆ ಹತ್ತುವವರೆಗೆ ಸುಮಾರು ಒಂದು ಗಂಟೆ ಕಾಕಾ ಹಾಗೆಯೇ ಕೂತಿದ್ದರು. ನಡುವೆ ಒಮ್ಮೆ ನನ್ನ ಕಡೆ ನೋಡಿ ಕೇಳಿದರು, "ಅಕ್ಕಾರ, ಇಲ್ಲಿ ಯಾಕ ಬಂದ್ರಿ?"

ಸಿಟ್ಟಿರಲಿಲ್ಲ ಆ ದನಿಯಲ್ಲಿ. ನಾನು ಹಿಡಿದಿದ್ದ ಬೇರಿನ ಕಡೆ ನೋಡಿದೆ.

ಚೆಕ್‌ಪೋಸ್ಟಿನ ಒಳಕೋಣೆಯಲ್ಲಿ ಸುಜಾತಾಳನ್ನು ಮಲಗಿಸಿದರು, ಹುಬ್ಬಳ್ಳಿಯ ಹೆಂಗಸು ಪಕ್ಕದಲ್ಲಿ ಕೂತರು. ಅಲ್ಲಿ ಫೋನ್ ಸಿಗ್ನಲ್ ಇಲ್ಲ. ಆಂಬುಲೆನ್ಸಿಗೆ ಹೇಳಲು ಗಾರ್ಡ್ ರಸ್ತೆಯ ತಿರುವಿನವರೆಗೆ ಹೋಗಬೇಕಿತ್ತು. ಹೋಗುವ ಮುಂಚೆ ಹಾಳೆ, ಪೆನ್ನು ನನ್ನ ಮುಂದಿಟ್ಟ. "ಮೇಡಂ, ಗಾಡಿ ಬರೂದರಾಗ ಹೇಳಿಕಿ ಆಗಿಬಿಡ್ಲಿ, ಮೇಲಿನವರು ಕೇಳ್ತಾರ. ನಿಮ್ಮದೂ ಬರೀರಿ, ಕಾಕಾಂದೂ ನೀವ ಬರೀರಿ. ಅವಗ ಸಹಿ ಅಷ್ಟ ಬರ್ತೈತಿ. ನೀವು ಮೇಷ್ಟ್ರು, ನಿಮ್ಮ ಅಕ್ಷರ ಚಲೋ ಇರ್ತಾವ."

ನನ್ನದನ್ನು ಬರೆದೆ. 'ಗೈಡ್ ತಿಳಿಸಿದಂತೆ ಹಳ್ಳದ ಕಡೆಗೆ ಹೋದೆವು.' ಆ ಹೊತ್ತಿಗೆ ನನ್ನ ಕಣ್ಣ ಮುಂದೆ ಇದ್ದದ್ದು ಅತ್ತೆಯ ಮುಖ, ಗಂಡನ ಮುಖ. ಯಾರು ಇಳಿ ಅಂದ್ರು ಎಂದು ಅವರು ಕೇಳುತ್ತಾರೆ. ನಾನು ಏನು ಹೇಳಲಿ?

ಆಮೇಲೆ ಕಾಕಾ ಹೇಳತೊಡಗಿದರು. ಅವರ ಕೈಗಳು ಕಲ್ಲಿಗೆ ಉಜ್ಜಿ ಕಿತ್ತುಹೋಗಿದ್ದವು. ತಾವು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಹೇಳಿದರು. ನಾನು ಗ್ರಾಂಥಿಕಕ್ಕೆ ತಿರುಗಿಸುತ್ತ ಬರೆದೆ: 'ಹಳ್ಳದಲ್ಲಿ ನೀರಿದೆ, ಹಳ್ಳದ ಕಡೆ ಹೋಗಿರಿ ಎಂದು ನಾನು ಅವರಿಗೆ ಹೇಳಿದೆ.' ಮುಂದಿನ ವಾಕ್ಯ ಬಂತು — ಕೆಳಗೆ ಇಳಿಯಬೇಡಿ ಎಂದಿದ್ದೆ ಎಂಬುದು. ಪೆನ್ನು ಹಾಳೆಯ ಮೇಲೆಯೇ ಇತ್ತು. ಪೂರ್ಣವಿರಾಮ ಇಟ್ಟು ಅದರ ಮುಂದಿನ ಮಾತಿಗೆ ಹಾರಿದೆ. ಸುಳ್ಳು ಬರೆಯಲಿಲ್ಲ, ಬಿಟ್ಟೆ ಅಷ್ಟೇ — ಎಂದು ಆ ಕ್ಷಣದಲ್ಲೇ ನನಗೆ ನಾನು ಹೇಳಿಕೊಂಡದ್ದೂ ನೆನಪಿದೆ.

"ಓದ್ರಿ ಅಕ್ಕಾರ" ಎಂದರು.

ಓದಿದೆ. ಆ ಜಾಗ ಬಂದಾಗ ನಿಲ್ಲಲಿಲ್ಲ. 'ಆದರೆ ಹಳ್ಳ ಹಿಡಿದು ಕೆಳಗೆ ಇಳಿಯಬಾರದೆಂದು ಸ್ಪಷ್ಟವಾಗಿ ತಿಳಿಸಿದ್ದೆ.' ಸ್ಪಷ್ಟವಾಗಿ ಎಂಬ ಶಬ್ದವನ್ನು ನಾನೇ ಸೇರಿಸಿದೆ. ಇಲ್ಲದ ವಾಕ್ಯವನ್ನು ಚೆಂದ ಮಾಡಿದೆ.

"ಬರೋಬರಿ ಐತ್ರಿ" ಎಂದು ಪೆನ್ನು ತೆಗೆದುಕೊಂಡರು. ನಾಲಿಗೆಯ ತುದಿ ಹಲ್ಲಲ್ಲಿ ಕಚ್ಚಿಕೊಂಡು ಒಂದೊಂದೇ ಅಕ್ಷರ ಮೂಡಿಸಿದರು. ರಕ್ತದ ಕಲೆ ಹಾಳೆಗೆ ಹತ್ತಿತೆಂದು ತೋಳಿನಿಂದ ಒರೆಸಿ, "ಹೊಲಸಾತಲ್ರಿ" ಎಂದು ನಾಚಿದರು.

ಸುಜಾತಾಳ ತೊಡೆಗೆ ರಾಡ್ ಹಾಕಿದರು. ಆಸ್ಪತ್ರೆಯಲ್ಲಿ ಅವಳೂ ಹೇಳಿಕೆ ಕೊಟ್ಟಳು: ಗೈಡ್ ಇಳಿಯಲು ಹೇಳಿದ್ದರು ಎಂದು. ಅವಳಿಗೆ ಗೊತ್ತಿದ್ದದ್ದು ಅದೇ. ಮೂರು ಹೇಳಿಕೆಗಳು ಒಂದಕ್ಕೊಂದು ಹೊಂದಿದವು. ಒಂದು ತಿಂಗಳಾದ ಮೇಲೆ ಆ ಗಾರ್ಡ್ ಫೋನ್ ಮಾಡಿದ. "ಮೇಡಂ, ಆ ಕಾಕಾನ ಕಾರ್ಡು ಕಸಕೊಂಡಾರ್ರಿ. ನೀವು ಓದಿದಾಗ ಇಳೀಬ್ಯಾಡ್ರಿ ಅನ್ನೂದು ಇತ್ತು ಅಂತಾನ. ಹೌದೇನ್ರಿ?"

ಬಾಗಿಲು ಇನ್ನೊಮ್ಮೆ ತೆರೆದಿತ್ತು. ಒಂದು ಹೌದು ಸಾಕಿತ್ತು. "ಅವರು ಬಾಳ ಗಾಬರ್ಯಾಗಿದ್ರು ಪಾಪ, ನೆನಪಿರಲಿಕ್ಕಿಲ್ರಿ" ಎಂದೆ. ಪಾಪ ಎಂದೆ.

ಸುಜಾತಾ ಈಗ ನವಲಗುಂದದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಲಗಾಲನ್ನು ಎಳೆದು ಹಾಕುತ್ತಾಳೆ. ಚಳಿ ಬಿದ್ದಾಗ ರಾಡ್ ಹಾಕಿದ ಕಡೆ ನೋವು ಏಳುತ್ತದೆ. ಆಗೆಲ್ಲ ಅವಳು ಶಪಿಸುತ್ತಿದ್ದಳು, "ಆ ಮುದುಕನ ಬಾಯಾಗ ಮಣ್ಣು ಬೀಳ್ಲಿ." ನಾನು ಎಣ್ಣೆ ಬೆಚ್ಚಗೆ ಮಾಡಿ ತಂದು ಅವಳ ಕಾಲು ತಿಕ್ಕುತ್ತಿದ್ದೆ. ಮನೆಯವರೆಲ್ಲ, ಇಂಥ ವೈನಿ ಯಾರಿಗೆ ಸಿಗ್ತಾಳ ಎನ್ನುತ್ತಿದ್ದರು. ಆ ಹೊಗಳಿಕೆಯನ್ನೂ ನಾನು ಇಟ್ಟುಕೊಂಡೆ.

ಈ ಮಳೆಗಾಲದಲ್ಲಿ ಸಹೋದ್ಯೋಗಿಯೊಬ್ಬರ ಮಗಳ ತೊಟ್ಟಿಲ ಕಾರ್ಯಕ್ಕೆ ತಂಬೂರಕ್ಕೆ ಹೋಗಿದ್ದೆ. ಬಸ್ಸಿಳಿದು ನಡೆಯುತ್ತಿದ್ದಾಗ ಹಾಲಿನ ಕ್ಯಾನ್ ಹೊತ್ತ ಮುದುಕರೊಬ್ಬರು ಎದುರಾದರು. ನಾನು ತಲೆ ತಗ್ಗಿಸಿದೆ. ಅವರು ನಿಂತರು.

"ಅಕ್ಕಾರ! ಅಗದಿ ಸೊರಗೀರಲ್ರಿ. ಆ ತಂಗಿ ಕಾಲು ಹ್ಯಾಂಗೈತಿ? ಓಡ್ತಾಳೇನ್ರಿ ಮತ್ತ?"

"ಇಲ್ಲ ಕಾಕಾ."

"ಛೇ" ಎಂದು ಕ್ಯಾನನ್ನು ನೆಲಕ್ಕಿಟ್ಟರು. "ಪೊಲೀಸ ಆಗಾಕ್ಕಿ ಇದ್ಲು."

ಅವರ ಕೊರಳಲ್ಲಿ ಕಾರ್ಡು ಇರಲಿಲ್ಲ. ಅಣ್ಣನ ಮನೆಯಲ್ಲಿದ್ದು ಅವನ ಎಮ್ಮೆಗಳ ಹಾಲನ್ನು ಡೈರಿಗೆ ಮುಟ್ಟಿಸುತ್ತಿದ್ದರು. ನಾನು ಹೇಳಲು ತೊಡಗಿದೆ — "ಕಾಕಾ, ಅವತ್ತು ಆ ಹೇಳಿಕ್ಯಾಗ..."

"ಗೊತ್ತೈತ್ರಿ. ಆಫೀಸಿನ್ಯಾಗ ಕಾಗದ ತೋರಿಸಿದ್ರು. ಅಣ್ಣನ ಮಗಳ ಕಡೆ ಎರಡು ಸಲ ಓದಿಸಿದೆ. ಇರಲಿಲ್ಲ."

"ನಂದ ತಪ್ಪು ಕಾಕಾ. ನಾನು..."

"ನನ್ನ ಮುಂದ ಹೇಳಿ ಏನ್ ಮಾಡ್ತೀರಿ? ನನಗ ಗೊತ್ತಿದ್ದದ್ದ ಅದು. ಗೊತ್ತಿಲ್ಲದವ್ರ ಮುಂದ ಹೇಳ್ರಿ." ಕ್ಯಾನ್ ಎತ್ತಿಕೊಂಡರು. "ಬರ್ತೀನಿ. ತಡಾ ಆದ್ರ ಡೈರ್ಯಾಗ ತಗೊಳಂಗಿಲ್ಲ."

ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ. ನಾನು ತೊಟ್ಟಿಲು ನೋಡದೆ ಅದೇ ಬಸ್ಸಿನಲ್ಲಿ ಹಿಂತಿರುಗಿದೆ.

ರವಿವಾರ ಮುಂಜಾನೆ ಸುಜಾತಾ ಮಾಳಿಗೆಯ ಮೇಲೆ ಎಳೆಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಕೇಳಿದಳು.

"ಅಂದ್ರ ಅವರು ಇಳೀಬ್ಯಾಡ್ರಿ ಅಂದಿದ್ರು."

"ಹೌದು."

"ನೀವು ನನಗ ಇಳೀರಿ ಅಂದಾರ ಅಂದ್ರಿ."

"ಹೌದು."

ಚಾಚಿದ್ದ ಕಾಲನ್ನು ಕೈಯಿಂದ ಎತ್ತಿ ಮಡಚಿಕೊಂಡಳು. "ಕಾಲಿನ ಮಾತು ಬಿಡ್ರಿ, ಜಾರಿದ್ದು ನನ್ನ ಕಾಲ. ನನ್ನ ಜೀವಾ ಹಿಡಕೊಂಡು ಕುಂತಾವಗ ನಾಲ್ಕು ವರ್ಷ ಶಾಪಾ ಹಾಕೇನಿ. ನಿಮ್ಮ ಮುಂದ ಹಾಕೇನಿ. ನೀವು ಕೇಳಿಕೋತ ಎಣ್ಣಿ ತಿಕ್ಕಿದ್ರಿ." ಎದ್ದಳು. ಕೈ ಕೊಡಲು ಹೋದೆ. ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದಳು. ಅಂದಿನಿಂದ ಅವಳು ನನ್ನನ್ನು ವೈನಿ ಎಂದು ಕರೆದಿಲ್ಲ. ಅತ್ತೆಗೂ ಗಂಡನಿಗೂ ಅದೇ ಸಂಜೆ ಹೇಳಿದೆ. ಅವರು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಅನ್ಯಾಯದ ಮಾತು ಒಂದೂ ಇರಲಿಲ್ಲ.

ಮುಂದಿನ ವಾರ ಹೊಸ ಹೇಳಿಕೆ ಬರೆದುಕೊಂಡು ಅರಣ್ಯದ ಕಚೇರಿಗೆ ಹೋದೆ. ಸುಜಾತಾ ತಾನೂ ಬರುತ್ತೇನೆಂದಳು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಕಚೇರಿಯಲ್ಲಿ ತನ್ನ ಹೇಳಿಕೆಯನ್ನು ತಾನೇ ಬರೆದು ಕೊಟ್ಟಳು. ನನ್ನ ಹಾಳೆಯನ್ನು ತಿರುವಿ ನೋಡಿದ ಗುಮಾಸ್ತರು ಒಳ್ಳೆಯ ಮನುಷ್ಯ.

"ನಾಲ್ಕು ವರ್ಷ ಯಾಕ ಸುಮ್ಮನಿದ್ರಿ ಅಂತ ಕೇಳ್ತಾರ್ರಿ ಮೇಡಂ. ಏನರ ಒಂದು ಕಾರಣ ಹಾಕ್ರಿ. ಮನಸ್ಸಿಗೆ ಧಕ್ಕಿ ಆಗಿತ್ತು, ಆರಾಮಿರಲಿಲ್ಲ ಅಂತ... ಡಾಕ್ಟರ್ ಚೀಟಿ ಇದ್ರ ಇನ್ನೂ ಚಲೋ."

ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಬುಡವಿಲ್ಲದ ಆ ಮರದ ತಲೆಗಳು ಇಂದಿಗೂ ನನ್ನನ್ನು ಬೆಚ್ಚಿಸಿ ಎಬ್ಬಿಸುತ್ತವೆ. ಆದರೆ ಬೆಚ್ಚಿದವರೆಲ್ಲ ಇನ್ನೊಬ್ಬರ ಅನ್ನ ಕಸಿಯುವುದಿಲ್ಲ. 'ತಡವಾದದ್ದಕ್ಕೆ ಕಾರಣವಿಲ್ಲ' ಎಂದು ಬರೆದು ಕೊಟ್ಟೆ. ಅವರು ಕನ್ನಡಕ ಸರಿಸಿ ಒಮ್ಮೆ ನನ್ನನ್ನು ನೋಡಿ ಮುದ್ರೆ ಒತ್ತಿದರು. ನನ್ನ ಮೇಲೆ ಏನು ಕ್ರಮ ಆಗುತ್ತದೋ ಗೊತ್ತಿಲ್ಲ, ಆಗಲಿ. ಶಾಲೆಯಲ್ಲೂ ತಿಳಿಸಿದ್ದೇನೆ.

ಧೋಂಡು ಕಾಕಾನ ಕಾರ್ಡು ಇನ್ನೂ ವಾಪಸು ಬಂದಿಲ್ಲ. ಕಡತ ಮೇಲಿದೆ ಎನ್ನುತ್ತಾರೆ. ಪ್ರತಿ ಸೋಮವಾರ ಹನ್ನೊಂದು ಗಂಟೆಗೆ ಫೋನ್ ಮಾಡಿ ಕೇಳುತ್ತೇನೆ. ಮೊದಮೊದಲು ಹೆಸರು, ಊರು, ವಿಷಯ ಎಲ್ಲ ಹೇಳಬೇಕಾಗುತ್ತಿತ್ತು. ಈಗ ಬೇಕಾಗುವುದಿಲ್ಲ. ಹೋದ ಸೋಮವಾರ ಆಚೆ ಕಡೆಯವರು ನನ್ನ ದನಿ ಕೇಳುತ್ತಲೇ ಅಂದರು, "ಹಾಂ... ಆ ಸುಳ್ಳು ಹೇಳಿಕಿ ಬರದ ಮೇಡಂ ಏನ್ರಿ?"

"ಹೌದ್ರಿ" ಎಂದೆ. "ನಾನ."